ಡಿಶ್‌ವಾಶರ್ ಮೇಲಿನ ರ‍್ಯಾಕ್‌ಗೆ ನೀರೇ ಹತ್ತುತ್ತಿಲ್ಲ, ಡೈವರ್ಟರ್ ಮೋಟರ್ ಹೋಗಿದೆ ಅಂತಾರೆ. ಯಾರಾದ್ರೂ ಬಿಚ್ಚಿ ನೋಡಿದೀರಾ? (ಮೈಸೂರು)

ಗೋಕುಲಂ_ಅಕ್ಕ
ಎಲ್ರಿಗೂ ನಮಸ್ಕಾರ. ನಮ್ಮನೇಲಿ 12 ಪ್ಲೇಸ್ ಸೆಟಿಂಗ್ (12 ಜನರ ಊಟದ ಪಾತ್ರೆ ಹಿಡಿಯೋ) ಡಿಶ್‌ವಾಶರ್ ಇದೆ, ವಾರಂಟಿ ಎಂದೋ ಮುಗಿದಿದೆ. ಕಂಪನಿ ಹೆಸರು ಹೇಳಲ್ಲ, ಹೇಳಿದ್ರೆ ಮೋಟರ್ ವಿಷ್ಯ ಬಿಟ್ಟು ಬ್ರ್ಯಾಂಡ್ ಜಗಳ ಶುರುವಾಗುತ್ತೆ ಇಲ್ಲಿ. ದಸರಾಗೆ ನೆಂಟರು ಬಂದು ಹೋದ್ರಲ್ಲ, ಆವಾಗಿಂದ ತೊಂದ್ರೆ. ಕೆಳಗಿನ ರ‍್ಯಾಕ್‌ನಲ್ಲಿ ಕುಕ್ಕರ್ ಬಾಣಲೆ ಎಲ್ಲ ಪಳಪಳ ಅಂತ ಬರುತ್ತೆ, ಮೇಲಿನ ರ‍್ಯಾಕ್‌ನಲ್ಲಿ ಕಾಫಿ ಲೋಟ ಇಟ್ರೆ ತಳದ ಕಲೆ ಹಾಗೇ ಒಣಗಿ ಕೂತಿರುತ್ತೆ, ಲೋಟ ಬಿಸಿ ಮಾತ್ರ ಆಗಿರುತ್ತೆ. ಎರರ್ ಕೋಡ್ ಏನೂ ತೋರ್ಸಲ್ಲ. ಮಧ್ಯೆ ಮಧ್ಯೆ ಕೆಳಗಡೆಯಿಂದ ಗುಂಯ್ ಅಂತ ಸಣ್ಣ ಸದ್ದು, ಮುಂಚೆ ಇರ್ಲಿಲ್ಲ.

ಸರ್ವಿಸ್‌ನಿಂದ ಒಬ್ರು ಬಂದ್ರು, ಬಾಗಿಲು ತೆಗೆದು ಟಾರ್ಚ್ ಹಾಕಿ ನೋಡಿದ್ರು, ಒಂದು ಸ್ಕ್ರೂ ಕೂಡ ಬಿಚ್ಲಿಲ್ಲ, "ಡೈವರ್ಟರ್ ಹೋಗಿದೆ ಮೇಡಂ, ಅದು ಒಂದೇ ಬರಲ್ಲ, ಸಂಪ್ ಅಸೆಂಬ್ಲಿ (ಮೆಷಿನ್ ತಳದಲ್ಲಿ ನೀರು ನಿಲ್ಲೋ ಭಾಗ) ಪೂರ್ತಿ ಹಾಕ್ಬೇಕು, ಕಂಟ್ರೋಲ್ ಬೋರ್ಡೂ ಹೋಗಿರ್ಬೋದು" ಅಂದು 13,800 ಅಂತ ಬರ್ಕೊಟ್ಟು ವಿಸಿಟಿಂಗ್ ಚಾರ್ಜ್ ಬೇರೆ ಇಸ್ಕೊಂಡು ಹೋದ್ರು. ಈ ಮೋಟರ್ ಅಂದ್ರೆ ಏನು, ಅದೊಂದನ್ನೇ ಬದಲಾಯಿಸೋಕಾಗುತ್ತಾ, ನಿಜವಾಗ್ಲೂ ಅದೇ ಹೋಗಿದೆ ಅಂತ ಹೇಗೆ ತಿಳ್ಕೊಳ್ಳೋದು? ನನ್ನ ತಮ್ಮ ಮಂಡ್ಯದಲ್ಲಿದಾನೆ, ಎಲೆಕ್ಟ್ರಿಕಲ್ ಡಿಪ್ಲೊಮಾ, ಭಾನುವಾರ ಬರ್ತೀನಿ ಅಂದಿದಾನೆ.

ಮಂಡ್ಯ ಹೈದ
ಕೆಆರ್‌ಎಸ್ ತುಂಬಿ 124.80 ಅಡಿ ಮುಟ್ಟಿದ್ರೂ ಅಕ್ಕನ ಮೇಲಿನ ರ‍್ಯಾಕ್‌ಗೆ ನೀರಿಲ್ಲ ಅಂದ್ರೆ ಏನ್ ಯೋಳದು 😂

ಜೆಪಿನಗರ ಅತ್ತೆ
ಆಯುಧಪೂಜೆಗೆ ಮೆಷಿನ್‌ಗೆ ಕುಂಕುಮ ಇಟ್ಟಿದ್ರಾ ಇಲ್ವಾ ಮೊದ್ಲು ಹೇಳಿ.

ಗೋಕುಲಂ_ಅಕ್ಕ
ಇಟ್ಟಿದ್ದೆ ಅತ್ತೆ, ಸೇವಂತಿಗೆ ಹೂವನ್ನೂ ಇಟ್ಟಿದ್ದೆ 🙏

ಕುವೆಂಪುನಗರ ಪ್ಲಂಬರ್ ಮಗ
ಓವರ್‌ಹೆಡ್ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ? ಪ್ರೆಶರ್ ಕಮ್ಮಿ ಇದ್ರೆ ಮೇಲಿನ ರ‍್ಯಾಕ್‌ಗೆ ನೀರು ಹತ್ತಲ್ಲ. ಒಂದು ಪ್ರೆಶರ್ ಪಂಪ್ ಹಾಕ್ಸಿ ಸರಿಹೋಗುತ್ತೆ.

ಹಳೇ_ರಿಪೇರಿ
ಪ್ಲಂಬರ್ ಮಗ ಅವ್ರೇ, ದಯವಿಟ್ಟು ಪಂಪ್ ಮಾರ್ಬೇಡಿ ಇಲ್ಲಿ. ಟ್ಯಾಂಕ್ ಪ್ರೆಶರ್ ಬೇಕಾಗಿರೋದು ಮೆಷಿನ್ ಒಳಗೆ ನೀರು ತುಂಬ್ಕೊಳ್ಳೋಕೆ ಮಾತ್ರ. ಅದಕ್ಕೆ ಸುಮಾರು 0.3 ರಿಂದ 0.5 ಬಾರ್ ಸಾಕು, 10 ಮೀಟರ್ ಎತ್ತರಕ್ಕೆ ಒಂದು ಬಾರ್ ಲೆಕ್ಕ, ನೀವೇ ಹಾಕ್ಕೊಳ್ಳಿ. ಅಷ್ಟೂ ಇಲ್ದಿದ್ರೆ ನೀರು ಬರ್ತಿಲ್ಲ ಅಂತ ಎರರ್ ಕೊಟ್ಟು ನಿಂತ್ಕೊಳ್ಳುತ್ತೆ, ಕೆಳಗಡೆ ಚೆನ್ನಾಗಿ ತೊಳೆದು ಮೇಲಿನದನ್ನ ಮಾತ್ರ ಬಿಡೋ ಹಾಗೆ ಆಗಲ್ಲ. ಒಳಗೆ ನೀರು ಚಿಮ್ಮಿಸೋದು ಅದರದೇ ಸರ್ಕ್ಯುಲೇಶನ್ ಪಂಪ್.

ಮೇಡಂ, ಮೋಟರ್ ಬಿಚ್ಚೋ ಮುಂಚೆ ಸುಲಭದ್ದೆಲ್ಲ ನೋಡಿ. ಹಾಫ್ ಲೋಡ್ ಬಟನ್ ಒತ್ತಿ ಹೋಗಿದೆಯಾ? ಕೆಲವು ಮಾಡೆಲ್‌ನಲ್ಲಿ ಅದನ್ನ ಒತ್ತಿದ್ರೆ ಒಂದೇ ರ‍್ಯಾಕ್ ತೊಳೆಯೋದು. ಮೇಲಿನ ಫ್ಯಾನ್ (ರೆಕ್ಕೆ ಥರ ತಿರುಗುತ್ತಲ್ಲ ಅದು) ಬಿಚ್ಚಿ ನಲ್ಲಿ ಕೆಳಗೆ ಹಿಡಿದು ಅಲ್ಲಾಡಿಸಿ, ತೂತಲ್ಲಿ ಸಾಸಿವೆ, ಜೀರಿಗೆ, ಹುಣಸೆ ನಾರು ಸಿಕ್ಕಿರುತ್ತೆ ನಮ್ಮ ಕಡೆ ಮನೆಗಳಲ್ಲಿ, ಟೂತ್‌ಪಿಕ್‌ನಲ್ಲಿ ತೆಗೀರಿ. ಆಮೇಲೆ ಮೇಲಿನ ರ‍್ಯಾಕ್ ಒಳಗೆ ತಳ್ಳಿದಾಗ ಹಿಂದುಗಡೆ ಪೈಪಿನ ಬಾಯಿಗೆ ಸರಿಯಾಗಿ ಕೂರುತ್ತಾ ನೋಡಿ. ನೆಂಟರು ಬಂದಾಗ ದೊಡ್ಡ ತಟ್ಟೆ ಹಿಡಿಸೋಕೆ ರ‍್ಯಾಕ್ ಎತ್ತರ ಬದಲಾಯಿಸಿದ್ರೆ ಒಂದು ಕಡೆ ಲಾಕ್ ಆಗಿ ಇನ್ನೊಂದು ಕಡೆ ಆಗ್ದೆ ಓರೆ ನಿಂತಿರುತ್ತೆ, ನೀರೆಲ್ಲ ಪಕ್ಕದಲ್ಲೇ ಸೋರುತ್ತೆ.

ಗೋಕುಲಂ_ಅಕ್ಕ
ಹಾಫ್ ಲೋಡ್ ಇಲ್ಲ ಸಾರ್. ಫ್ಯಾನ್ ಬಿಚ್ಚಿ ತೊಳೆದಾಯ್ತು, ಒಂದು ಲವಂಗ ಬಂತು ಅಷ್ಟೇ. ರ‍್ಯಾಕ್ ನೇರವಾಗಿ ಕೂರ್ತಿದೆ. ಆದ್ರೂ ಅದೇ ಕಥೆ.

ಹಳೇ_ರಿಪೇರಿ
ಸರಿ, ಹಾಗಾದ್ರೆ ಲೋಟದ ಟೆಸ್ಟ್ ಮಾಡಿ. ಎರಡು ಸ್ಟೀಲ್ ಲೋಟ ತಗೊಂಡು ಬಾಯಿ ಮೇಲೆ ಮಾಡಿ ಮೇಲಿನ ರ‍್ಯಾಕ್‌ನಲ್ಲಿ ಒಂದು ಕೆಳಗಿನದ್ರಲ್ಲಿ ಒಂದು ಇಡಿ, ಬೇರೆ ಪಾತ್ರೆ ಬೇಡ, ಡಿಟರ್ಜೆಂಟ್ ಟ್ಯಾಬ್ಲೆಟ್ ಬೇಡ. ಬಾಗಿಲು ಹಾಕೋ ಮುಂಚೆ ಎರಡೂ ಫ್ಯಾನ್ ಯಾವ ಕಡೆ ನಿಂತಿದೆ ಅಂತ ಫೋಟೊ ತಗೊಳ್ಳಿ. ವಾಶ್ ಶುರುವಾಗಿ ಒಂದು ಕಾಲು ಗಂಟೆ ಬಿಟ್ಟು ನಿಲ್ಲಿಸಿ ನೋಡಿ. ಒಂದು ಲೋಟ ತುಂಬಿ ಇನ್ನೊಂದ್ರಲ್ಲಿ ಬರೀ ಹನಿ ಇದ್ರೆ ನೀರು ಒಂದೇ ದಾರಿಗೆ ಹೋಗ್ತಿದೆ ಅಂತ. ಎರಡ್ರಲ್ಲೂ ಅರ್ಧಂಬರ್ಧ ಇದ್ರೆ ಡೈವರ್ಟರ್ ಅಲ್ಲ, ಪಂಪೋ ಫಿಲ್ಟರೋ ಬೇರೆ ನೋಡ್ಬೇಕು.

ಬೋಗಾದಿ ಬ್ಯಾಚುಲರ್
ಅಯ್ಯೋ ನಾನು ಮೊಬೈಲ್ ಜಿಪ್ ಕವರ್‌ಗೆ ಹಾಕಿ ಒಳಗಿಟ್ಟು ವಿಡಿಯೋ ತೆಗೆದಿದ್ದೆ. ವಿಡಿಯೋ ಚೆನ್ನಾಗಿ ಬಂತು, ಮೊಬೈಲ್ ಆಮೇಲೆ ಬರ್ಲಿಲ್ಲ.

ಜೆಪಿನಗರ ಅತ್ತೆ
ಇಷ್ಟೆಲ್ಲ ಮಾಡೋ ಬದ್ಲು ಒಬ್ರು ಕೆಲಸದವ್ರನ್ನ ಇಟ್ಕೊಂಡ್ರೆ ಅರ್ಧ ಗಂಟೇಲಿ ಪಾತ್ರೆ ತೊಳೆದು ಹೋಗ್ತಾರೆ. ಮುದ್ದೆ ಪಾತ್ರೆ ಹಾಕಿದ್ರೆ ಈ ಮೆಷಿನ್ ತೊಳೆಯುತ್ತಾ? ಸುಮ್ನೆ ಫಾರಿನ್ ಶೋಕಿ.

ಸರಸ್ವತಿಪುರಂ ತಾತ
ಆ ಫಾರಿನ್ ಶೋಕಿ ಹುಟ್ಟಿದ್ದೇ ಹಾಗಮ್ಮ. 1886ರಲ್ಲಿ ಅಮೆರಿಕದ ಜೋಸೆಫೀನ್ ಕಾಕ್ರನ್ ಅನ್ನೋ ಹೆಂಗಸು ಪಾತ್ರೆ ತೊಳೆಯೋ ಯಂತ್ರಕ್ಕೆ ಪೇಟೆಂಟ್ ತಗೊಂಡ್ರು, ಕೆಲಸದವ್ರು ತೊಳೆಯುವಾಗ ಪಿಂಗಾಣಿ ತಟ್ಟೆಗಳ ಅಂಚು ಒಡೆದುಹೋಗ್ತಿದ್ವಂತೆ ಅವ್ರ ಮನೇಲಿ.

ಕೊಪ್ಪಲು_ಗೃಹಿಣಿ
ಅತ್ತೆ, ಮುದ್ದೆ ಪಾತ್ರೆ ತೊಳೆಯುತ್ತೆ, ಆದ್ರೆ ಒಣಗೋಕೆ ಬಿಡ್ಬಾರ್ದು, ನೀರು ಹಾಕಿ ನೆನೆಸಿ ಒಂದ್ಸಲ ಬಳಿದು ಇಡ್ಬೇಕು. ಮತ್ತೆ ಅರ್ಧ ಗಂಟೇಲಿ ತೊಳೆದು ಹೋಗೋರು ಯಾವ ಏರಿಯಾದಲ್ಲಿ ಸಿಗ್ತಾರೆ ಅಂತ ನಂಬರ್ ಕೊಡಿ, ನಮ್ಮನೆ ಕೆಲಸದವ್ರು ಹಬ್ಬಕ್ಕೆ ಊರಿಗೆ ಹೋದೋರು ವಾಪಸ್ ಬಂದಿಲ್ಲ.

ಗೋಕುಲಂ_ಅಕ್ಕ
ಲೋಟದ ಟೆಸ್ಟ್ ಆಯ್ತು. ಕೆಳಗಿನ ಲೋಟ ತುಂಬಿ ತುಳುಕ್ತಿತ್ತು, ಮೇಲಿನದ್ರಲ್ಲಿ ಬರೀ ಹಬೆ ಹನಿ. ಮೇಲಿನ ಫ್ಯಾನ್ ಫೋಟೊದಲ್ಲಿ ಹೇಗಿತ್ತೋ ಹಾಗೇ ನಿಂತಿದೆ, ಒಂದಿಂಚೂ ಅಲ್ಲಾಡಿಲ್ಲ. ಗುಂಯ್ ಸದ್ದು ಬಂತು.

ಸರಸ್ವತಿಪುರಂ ತಾತ
ಹಾಗಿದ್ರೆ ಡೈವರ್ಟರ್ ಕಡೆಗೇ ಬೆರಳು ಹೋಗುತ್ತೆ. ಏನದು ಅಂತ ಕೇಳಿದ್ರಲ್ಲ, ಹೇಳ್ತೀನಿ, ಸ್ವಲ್ಪ ಉದ್ದ ಆಗ್ಬೋದು, ನಾನು ಕೆಲಸದಿಂದ ನಿವೃತ್ತಿ ಆದೋನು, ಮಾತಿಂದ ಅಲ್ಲ.

ಈಗಿನ ಮೆಷಿನ್ನು ಒಂದು ಸಲ ಪೂರ್ತಿ ತೊಳೆಯೋಕೆ ಸುಮಾರು 9ರಿಂದ 12 ಲೀಟರ್ ನೀರು ಸಾಕು ಅಂತಾರೆ. ಅದನ್ನೂ ಒಂದೇ ಸಲ ತಗೊಳ್ಳಲ್ಲ, ಪ್ರತಿ ಹಂತಕ್ಕೆ ಕೆಲವೇ ಲೀಟರ್ ತಗೊಂಡು ಅದನ್ನೇ ಮತ್ತೆ ಮತ್ತೆ ತಿರುಗಿಸಿ ಚಿಮ್ಮಿಸುತ್ತೆ. ಅಷ್ಟು ಕಮ್ಮಿ ನೀರಲ್ಲಿ ಎರಡು ಫ್ಯಾನ್‌ಗೂ ಒಟ್ಟಿಗೆ ಜೋರಾಗಿ ಕೊಡೋಕೆ ಆ ಸಣ್ಣ ಪಂಪ್‌ಗೆ ಆಗಲ್ಲ. ಅದಕ್ಕೆ ಸರದಿ ಮೇಲೆ, ಸ್ವಲ್ಪ ಹೊತ್ತು ಕೆಳಗೆ ಸ್ವಲ್ಪ ಹೊತ್ತು ಮೇಲೆ. ನಾಲೆ ನೀರನ್ನ ತೂಬು ತಿರುವಿ ಒಂದೊಂದು ಗದ್ದೆಗೆ ಸರದಿ ಮೇಲೆ ಬಿಡ್ತಾರಲ್ಲ ಹಾಗೆ. ಸಂಪ್ ಒಳಗೆ ತೂತು ಇರೋ ಒಂದು ಪ್ಲಾಸ್ಟಿಕ್ ಡಿಸ್ಕ್ ಇರುತ್ತೆ, ಅದು ತಿರುಗಿ ಯಾವ ದಾರಿ ತೆರೀಬೇಕೋ ಅದನ್ನ ತೆರೆಯುತ್ತೆ. ಆ ಡಿಸ್ಕ್ ತಿರುಗ್ಸೋದೇ ಸಂಪ್ ಕೆಳಗಡೆ ಕೂತಿರೋ ಡೈವರ್ಟರ್ ಮೋಟರ್.

ಮೋಟರ್ ಅಂದ ತಕ್ಷಣ ದೊಡ್ಡದು ಅಂದ್ಕೋಬೇಡಿ, ಅಂಗೈಯಲ್ಲಿ ಮುಚ್ಚಿಟ್ಕೋಬೋದು. ಹೆಚ್ಚಿನವು ಸಿಂಕ್ರೊನಸ್ ಮೋಟರ್, ಮೂರ್ನಾಲ್ಕು ವಾಟ್, ನೇರ 230 ವೋಲ್ಟ್‌ನಲ್ಲಿ ಓಡೋದು. ಒಳಗೆ ಮ್ಯಾಗ್ನೆಟ್ ರೋಟರ್, ಅದು ನಮ್ಮ 50 ಹರ್ಟ್ಸ್ ಕರೆಂಟ್ ತಾಳಕ್ಕೆ ತಿರುಗುತ್ತೆ, ಮೇಲೆ ಸಣ್ಣ ಸಣ್ಣ ಗೇರ್ ಸಾಲು, ಕೊನೆಗೆ ಹೊರಗಿನ ಶಾಫ್ಟ್ ನಿಮಿಷಕ್ಕೆ ಕೆಲವೇ ಸುತ್ತು. ಡಿಸ್ಕ್ ಈಗ ಎಲ್ಲಿದೆ ಅಂತ ಬೋರ್ಡ್‌ಗೆ ಗೊತ್ತಾಗೋಕೆ ಶಾಫ್ಟ್‌ನಲ್ಲಿ ಏರುತಗ್ಗು ಇರೋ ಕ್ಯಾಮ್, ಪಕ್ಕದಲ್ಲಿ ಒಂದು ಮೈಕ್ರೋಸ್ವಿಚ್. ಹಾಗಾಗಿ ಕೆಡೋಕೆ ಸುಮಾರು ಜಾಗ ಇದೆ: ಕಾಯಿಲ್, ಗೇರ್, ಸ್ವಿಚ್, ಸಿಕ್ಕಾಕ್ಕೊಂಡಿರೋ ಡಿಸ್ಕ್, ವೈರ್ ಕನೆಕ್ಟರ್, ಬೋರ್ಡ್ ಮೇಲಿನ ಟ್ರಯಾಕ್ (ಮೋಟರ್‌ಗೆ ಕರೆಂಟ್ ಬಿಡೋ ಎಲೆಕ್ಟ್ರಾನಿಕ್ ಸ್ವಿಚ್). ಟಾರ್ಚ್ ಹಾಕಿ ನೋಡಿ ಇದ್ರಲ್ಲಿ ಯಾವುದು ಅಂತ ಹೇಳೋ ಯೋಗ ನನಗಂತೂ ಸಿದ್ಧಿಸಿಲ್ಲ.

ಹಳೇ_ರಿಪೇರಿ
ತಾತ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಎಲ್ಲಾ ಮೆಷಿನ್‌ನಲ್ಲೂ ಈ ಮೋಟರ್ ಇರಲ್ಲ. ಕೆಲವ್ರಲ್ಲಿ ಎರಡು ಫ್ಯಾನ್‌ಗೂ ಒಟ್ಟಿಗೇ ನೀರು, ಇನ್ನು ಕೆಲವ್ರಲ್ಲಿ ಪಂಪ್ ನಿಂತು ಮತ್ತೆ ಶುರುವಾದಾಗ ನೀರಿನ ಒತ್ತಡಕ್ಕೇ ಡಿಸ್ಕ್ ಒಂದು ಹೆಜ್ಜೆ ತಿರುಗುತ್ತೆ, ಮೋಟರ್ರೇ ಬೇಡ. ಹೆಸರೂ ಒಂದೊಂದು ಕಡೆ ಒಂದೊಂದು. ಬಾಷ್‌ನವ್ರು ವಾಟರ್ ಸ್ವಿಚ್ ಅಂತಾರೆ, ಎಲ್‌ಜಿಯವ್ರು ವೇರಿಯೋ ಮೋಟರ್ ಅಂತಾರೆ, ಅವ್ರದ್ರಲ್ಲಿ ಇದು ಕೈಕೊಟ್ರೆ ಎನ್‌ಇ ಅಂತ ಕೋಡ್ ಬರುತ್ತೆ. ಪಾರ್ಟ್ ಹುಡುಕುವಾಗ ಬರೀ ಡೈವರ್ಟರ್ ಅಂತ ಹುಡುಕಿದ್ರೆ ಸಿಗಲ್ಲ, ಅದಕ್ಕೆ ಹೇಳಿದೆ.

ಮಂಡ್ಯ ಹೈದ
ಅಕ್ಕೋ ವಸಿ ತಡೀರಿ, ನಾನ್ ಯೋಳ್ತೀನಿ. ಮೂರ್ನಾಲ್ಕು ವಾಟು, 230 ವೋಲ್ಟು, ಮೆಲ್ಲಗೆ ತಿರುಗ್ತದೆ ಅಂದ್ರೆ ಅದು ನಮ್ಮ ಏರ್ ಕೂಲರ್ ಸ್ವಿಂಗ್ ಮೋಟರ್ ಅಲ್ವ? ಯಾವ್ ಎಲೆಕ್ಟ್ರಿಕ್ ಅಂಗಡಿಗ್ ಹೋದ್ರೂ ಸಿಕ್ತದೆ, ನೂರಿನ್ನೂರು ರೂಪಾಯಿ. ನಮ್ ಭಾವನ ಮನೇಲಿ ಅದ್ನೇ ಹಾಕ್ಬುಟ್ಟಿದೀವಿ, ಓಡ್ತಾ ಅದೆ. ಸುಮ್ಕೆ ಹದಿನಾಲ್ಕು ಸಾವ್ರ ಯಾಕ್ ಸುರೀತೀರಿ. ಕೂಲರ್ದು ಸಿಗ್ನಿಲ್ವ, ಮೈಕ್ರೋವೇವ್ ತಟ್ಟೆ ತಿರುಗ್ಸೋ ಮೋಟರ್ ಹಾಕಿ.

ಹಳೇ_ರಿಪೇರಿ
ಓಡ್ತಾ ಅದೆ ಸರಿ ಗುರು, ಪಾತ್ರೆ ತೊಳೀತಾ ಅದಾ?

ಮಂಡ್ಯ ಹೈದ
ಅದು ಭಾವನ್ನೇ ಕೇಳ್ಬೇಕು.

ಸರಸ್ವತಿಪುರಂ ತಾತ
ಮಂಡ್ಯದವ್ರ ಧೈರ್ಯ ಮೆಚ್ಚಿದೆ ಆದ್ರೆ ಇದು ಬೇಡಪ್ಪ. ಜಾತಿ ಒಂದೇ, ಒಪ್ತೀನಿ, ಎರಡೂ ಸಿಂಕ್ರೊನಸ್ಸೇ. ಆದ್ರೆ ಆರ್‌ಪಿಎಂ ಬೇರೆ ಆದ್ರೆ ಬೋರ್ಡ್ ಇಟ್ಕೊಂಡಿರೋ ಟೈಮ್ ಲೆಕ್ಕ ತಪ್ಪುತ್ತೆ. ಶಾಫ್ಟ್ ಉದ್ದ, ಡಿ ಆಕಾರದ ಕಟ್ ಹೊಂದಲ್ಲ. ಕ್ಯಾಮ್ ಮತ್ತು ಸ್ವಿಚ್ ಎಲ್ಲಿ ಕೂರ್ಸ್ತೀರಿ? ಮೇಲುಗಡೆ ಅರವತ್ತೆಪ್ಪತ್ತು ಡಿಗ್ರಿ ಬಿಸಿ ನೀರು ಓಡ್ತಾ ಇರುತ್ತೆ, ಕೂಲರ್ ಮೋಟರ್ ತಣ್ಣಗೆ ಗಾಳೀಲಿ ಇರೋಕೆ ಮಾಡಿದ್ದು. ಮೈಕ್ರೋವೇವ್‌ದು ಇನ್ನೂ ಅಪಾಯ, ಎಷ್ಟೋ ಮಾಡೆಲ್‌ನಲ್ಲಿ ಆ ತಟ್ಟೆ ಮೋಟರ್ 21 ವೋಲ್ಟ್‌ದು, ನೋಡೋಕೆ ಒಂದೇ ಥರ ಇರುತ್ತೆ, 230ಕ್ಕೆ ಕೊಟ್ರೆ ಸುಟ್ಟು ಹೊಗೆ ಬರುತ್ತೆ. ಕೂಲರ್ ಮೋಟರ್ ಕೂಲರ್‌ಗೇ ಇರ್ಲಿ.

ಬೋಗಾದಿ ಬ್ಯಾಚುಲರ್
ಇನ್ನೊಂದು ವಿಷ್ಯ, ಆ ಮೈಕ್ರೋವೇವ್ ತಟ್ಟೆ ಒಂದ್ಸಲ ಎಡಕ್ಕೆ ಒಂದ್ಸಲ ಬಲಕ್ಕೆ ಯಾಕೆ ತಿರುಗುತ್ತೆ ಅಂತ ಯಾವತ್ತಿಂದ್ಲೋ ಡೌಟು.

ಸರಸ್ವತಿಪುರಂ ತಾತ
ಸ್ಟಾರ್ಟ್ ಆಗೋ ಗಳಿಗೆಗೆ ಕರೆಂಟ್ ಅಲೆ ಎಲ್ಲಿದೆ, ರೋಟರ್ ಎಲ್ಲಿ ನಿಂತಿದೆ ಅನ್ನೋದರ ಮೇಲೆ ಹೋಗುತ್ತೆ. ಒಂದೇ ಕಡೆ ತಿರುಗಲೇಬೇಕು ಅಂದ್ರೆ ಒಳಗೆ ತಡೆಯೋಕೆ ಒಂದು ಸಣ್ಣ ಕೊಕ್ಕೆ ಇಟ್ಟಿರ್ತಾರೆ.

ಶ್ರೀರಂಗಪಟ್ಟಣ ತೋಟದಮನೆ
ನೀರಿನ ವಿಷ್ಯ ಯಾರೂ ಕೇಳ್ಲೇ ಇಲ್ಲ. ಅಕ್ಕ ನಿಮ್ಮದು ಕಾವೇರಿ ನೀರಾ ಬೋರಾ? ನಮ್ಮದು ಬೋರು, ಗಡಸು ಅಂದ್ರೆ ಗಡಸು, ಗೀಸರ್ ರಾಡ್ ಮೇಲೆ ಬೆರಳುದ್ದ ಸುಣ್ಣ ಕಟ್ಟುತ್ತೆ. ಡಿಶ್‌ವಾಶರ್‌ನಲ್ಲೂ ಫ್ಯಾನ್ ತೂತು ಬಿಳಿ ಆಗಿ ಮುಚ್ಚಿಹೋಗಿತ್ತು. ಮತ್ತೆ ಆ ಡಿಶ್‌ವಾಶರ್ ಸಾಲ್ಟ್ ಕೇಜಿಗೆ ಅಷ್ಟೊಂದು ದುಡ್ಡು ಯಾಕೆ ಕೊಡ್ಬೇಕು, ಕಲ್ಲುಪ್ಪು ಹಾಕಿದ್ರೆ ಆಗಲ್ವ?

ಹಳೇ_ರಿಪೇರಿ
ಹಾಕ್ಬೇಡಿ. ಒಳಗಿರೋ ಸಾಫ್ಟ್‌ನರ್‌ನಲ್ಲಿ ರೆಸಿನ್ ಮಣಿಗಳು ಇರುತ್ವೆ, ಅವು ನೀರಿನ ಕ್ಯಾಲ್ಸಿಯಂ ಮೆಗ್ನೀಸಿಯಂ ಹಿಡಿದಿಟ್ಕೊಳ್ಳೋದು, ಉಪ್ಪುನೀರು ಬಿಟ್ಟಾಗ ಅವನ್ನ ಬಿಟ್ಟುಕೊಟ್ಟು ಸೋಡಿಯಂ ತಗೊಳ್ಳೋದು. ಕಲ್ಲುಪ್ಪಲ್ಲೇ ಆ ಕ್ಯಾಲ್ಸಿಯಂ ಮೆಗ್ನೀಸಿಯಂ ಇರುತ್ತೆ, ಜೊತೆಗೆ ಮಣ್ಣು ಮರಳು. ಅಡುಗೆ ಪುಡಿಯುಪ್ಪಲ್ಲಿ ಗಂಟು ಕಟ್ಟದೆ ಇರ್ಲಿ ಅಂತ ಸೇರಿಸಿರೋದು ಇರುತ್ತೆ. ಬೋರ್ ನೀರು ಅಂದ್ರೆ ಉಪ್ಪು ತುಂಬಿಸಿದ್ರೆ ಮಾತ್ರ ಸಾಲದು, ಸೆಟಿಂಗ್‌ನಲ್ಲಿ ಹಾರ್ಡ್‌ನೆಸ್ ಲೆವೆಲ್‌ನೂ ಏರಿಸ್ಬೇಕು, ಜಾಸ್ತಿ ಜನ ಮೆಷಿನ್ ಬಂದಾಗ ಹೇಗಿತ್ತೋ ಹಾಗೇ ಬಿಟ್ಟಿರ್ತಾರೆ.

ಶ್ರೀರಂಗಪಟ್ಟಣ ತೋಟದಮನೆ
ನಮ್ಮಜ್ಜಿ ಕಾಲದಿಂದ ಕಲ್ಲುಪ್ಪು ತಿಂದು ನಾವೇ ಬದುಕಿದೀವಿ, ಮಷೀನ್‌ಗೇನು ದಾಡಿ.

ಕೊಪ್ಪಲು_ಗೃಹಿಣಿ
ನಿಮ್ಮೊಳಗೆ ರೆಸಿನ್ ಇಲ್ವಲ್ಲ ಅಣ್ಣ 😄

ಗೋಕುಲಂ_ಅಕ್ಕ
ನಮ್ಮದು ಕಾವೇರಿ ನೀರೇ, ಬೇಸಿಗೇಲಿ ಮಾತ್ರ ಟ್ಯಾಂಕರ್.
ತಮ್ಮ ಬಂದಿದಾನೆ, ಪ್ಲಗ್ ತೆಗೆದು ನಲ್ಲಿ ನಿಲ್ಲಿಸಿ ಮೆಷಿನ್ನ ಹಿಂದಕ್ಕೆ ಮಲಗಿಸಿ ಕೆಳಗಿನ ತಗಡು ಬಿಚ್ಚಿದ್ವಿ. ಮೋಟರ್ ಸಿಕ್ತು, ಬಿಳೀದು, ಎರಡು ಸ್ಕ್ರೂ. ಎರಡು ವೈರ್ ಮೋಟರ್‌ಗೆ, ಇನ್ನೆರಡು ಸ್ವಿಚ್‌ಗೆ. ಅವನು ಮೀಟರ್‌ನ ಬೀಪ್‌ಗೆ ಇಟ್ಟು ಹಿಡಿದ, ಬೀಪ್ ಬರ್ಲಿಲ್ಲ, ಕಾಯಿಲ್ ಕಟ್ ಆಗಿದೆ ಅಂತಿದಾನೆ. ಆರ್ಡರ್ ಮಾಡ್ಲಾ?

ಸರಸ್ವತಿಪುರಂ ತಾತ
ಮಾಡ್ಬೇಡಿ ತಡೀರಿ! ಬೀಪ್ ಬರೋದು ಕೆಲವು ಹತ್ತು ಓಮ್ ಒಳಗಿದ್ರೆ ಮಾತ್ರ. ಈ ಮೋಟರ್ ಕಾಯಿಲ್ ಕೂದಲಿಗಿಂತ ಸಣ್ಣ ತಂತಿ, ಸಾವಿರಾರು ಸುತ್ತು, ಒಳ್ಳೇ ಮೋಟರ್‌ಗೇ ಸಾವಿರಗಟ್ಟಲೆ ಓಮ್ ಬರುತ್ತೆ, ಅದಕ್ಕೆ ಮೀಟರ್ ಹೇಗೆ ಕೂಗುತ್ತೆ. 20ಕೆ (20,000 ಓಮ್ ತನಕ ಅಳೆಯೋ) ರೇಂಜ್‌ಗೆ ತಿರುಗಿಸಿ ಮತ್ತೆ ಹಿಡೀಲಿ. ಅಲ್ಲೂ 1 ಅಂತಾನೋ ಓಎಲ್ ಅಂತಾನೋ (ಅಳತೆ ಮೀರಿದೆ ಅಂತ ಅರ್ಥ) ನಿಂತ್ರೆ ಆಗ ಕಟ್ ಅನ್ನಿ. ವೈರ್ ಕನೆಕ್ಟರ್ ತೆಗೆದೇ ಅಳೀಬೇಕು, ಇಲ್ಲಾಂದ್ರೆ ಬೋರ್ಡ್‌ದೂ ಸೇರಿ ಸುಳ್ಳು ಲೆಕ್ಕ ಬರುತ್ತೆ.

ಗೋಕುಲಂ_ಅಕ್ಕ
20ಕೆನಲ್ಲಿ 8.9 ತೋರಿಸ್ತು. ಅಂದ್ರೆ ಮೋಟರ್ ಸರಿ ಇದೆ ಅಂತಾನಾ? ತಮ್ಮ ಈಗ ಬೋರ್ಡ್ ಹೋಗಿದೆ ಅಂತ ಶುರು ಮಾಡಿದಾನೆ.

ವಿಜಯನಗರ ಟೆಕ್ಕಿ
ಕಾಯಿಲ್ ಓಕೆ ಅಂದ್ರೆ ಮೋಟರ್ ಓಕೆ. ಬೋರ್ಡೇ. ಸರ್ವಿಸ್‌ನವ್ನು ಹೇಳಿದ್ದು ಕರೆಕ್ಟ್ ಇತ್ತು ನೋಡಿ, ಎಲ್ರೂ ಸುಮ್ನೆ ಬೈತಿದ್ರಿ.

ಹಳೇ_ರಿಪೇರಿ
ಟೆಕ್ಕಿ ಅವ್ರೇ ಆತುರ ಬೇಡ. ಗುಂಯ್ ಅಂತ ಸದ್ದು ಬರ್ತಿದೆ ಅಂತ ಮೊದಲನೇ ಪೋಸ್ಟ್‌ನಲ್ಲೇ ಹೇಳಿದಾರೆ. ಬೋರ್ಡ್ ಕರೆಂಟ್ ಕೊಡ್ದೆ ಇದ್ರೆ ಗುಂಯ್ ಅನ್ನೋದು ಯಾವುದು? ಕಾಯಿಲ್‌ಗೆ ಕರೆಂಟ್ ಬರ್ತಿದೆ, ಕಾಯಿಲ್ ಎಳೀತಿದೆ, ಮುಂದೆ ತಿರುಗ್ತಿಲ್ಲ. ಒಂದೋ ಗೇರ್ ಸಿಕ್ಕಾಕ್ಕೊಂಡಿದೆ, ಇಲ್ಲ ಸಂಪ್ ಒಳಗೆ ಡಿಸ್ಕ್ ಸಿಕ್ಕಾಕ್ಕೊಂಡಿದೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡೋದು ಸುಲಭ. ಮೋಟರ್ ಬಿಚ್ಚಿದ ಮೇಲೆ ಸಂಪ್ ಕಡೆಯ ಶಾಫ್ಟ್‌ನ ಪ್ಲಯರ್‌ನಲ್ಲಿ ಮೆಲ್ಲಗೆ ತಿರುಗಿಸಿ. ಸಲೀಸಾಗಿ ತಿರುಗಿದ್ರೆ ಡಿಸ್ಕ್ ಸರಿ ಇದೆ. ಬಿಗಿ ಅಂದ್ರೆ ಮೇಲಿಂದ ಫಿಲ್ಟರ್ ತೆಗೆದು ನೋಡಿ, ಗಾಜಿನ ಚೂರು, ಹುಣಸೆ ಬೀಜ, ಬಾಟಲ್ ಲೇಬಲ್ ಇಂಥವು ಇರುತ್ವೆ, ಕೈ ಹಾಕ್ಬೇಡಿ ಚಿಮುಟ ಹಾಕಿ. ಆದ್ರೆ ಮೋಟರ್ ಕಡೆಯ ಶಾಫ್ಟ್ ಮಾತ್ರ ಕೈಯಲ್ಲಿ ಬಲವಂತವಾಗಿ ತಿರುಗಿಸ್ಬೇಡಿ, ಚೆನ್ನಾಗಿರೋ ಗೇರ್ ಹಲ್ಲೂ ಮುರಿಯುತ್ತೆ.

ಇನ್ನೊಂದು ಮುಖ್ಯ. ಮೋಟರ್ ಮೇಲೆ ತುಕ್ಕು, ಬಿಳಿ ಕಲೆ ಏನಾದ್ರೂ ಇದೆಯಾ?

ಗೋಕುಲಂ_ಅಕ್ಕ
ಸಂಪ್ ಕಡೆಯದು ಸಲೀಸಾಗಿ ತಿರುಗ್ತು. ಮೋಟರ್ ಮೇಲೆ ಕಲೆ ಇದೆ ಸಾರ್, ಶಾಫ್ಟ್ ಸುತ್ತ ಬಿಳಿ ಉಪ್ಪಿನ ಥರ, ಪಕ್ಕದಲ್ಲಿ ಕಂದು ಬಣ್ಣ ಇಳಿದಿದೆ.

ಹಳೇ_ರಿಪೇರಿ
ಸಿಕ್ತು ನೋಡಿ. ಸಂಪ್‌ನಿಂದ ಶಾಫ್ಟ್ ಹೊರಗೆ ಬರೋ ಜಾಗದಲ್ಲಿ ಒಂದು ರಬ್ಬರ್ ಸೀಲ್ ಇರುತ್ತೆ. ಬಿಸಿ ನೀರು, ಡಿಟರ್ಜೆಂಟ್ ಕುಡಿದು ಕುಡಿದು ಅದು ಗಟ್ಟಿಯಾಗಿ ಸವೆದುಹೋಗುತ್ತೆ, ನೀರು ಶಾಫ್ಟ್ ಹಿಡ್ಕೊಂಡು ಹನಿ ಹನಿಯಾಗಿ ಮೋಟರ್ ಒಳಗೆ ಇಳಿಯುತ್ತೆ, ಗೇರ್ ತುಕ್ಕು ಹಿಡಿಯುತ್ತೆ. ನೆಲಕ್ಕೆ ಬೀಳೋಷ್ಟು ಸೋರಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಬರೀ ಮೋಟರ್ ಬದಲಾಯಿಸಿ ಸೀಲ್ ಹಾಗೇ ಬಿಟ್ರೆ ಹೊಸ ಮೋಟರೂ ಅದೇ ದಾರಿ ಹಿಡಿಯುತ್ತೆ. ನಾನು ಕೆಲಸ ಮಾಡ್ತಿದ್ದ ಕಾಲದಲ್ಲಿ ಎರಡನೇ ಸಲ ಅದೇ ಕಂಪ್ಲೇಂಟ್ ಬಂತು ಅಂದ್ರೆ ಮೊದಲು ಸೀಲೇ ನೋಡ್ತಿದ್ದಿದ್ದು.

ವಿಜಯನಗರ ಟೆಕ್ಕಿ
ಇದೆಲ್ಲ ಊಹೆ. ಗೇರ್ ಹೋಗಿದೆ ಅಂತ ಪ್ರೂಫ್ ಏನು?

ಮಂಡ್ಯ ಹೈದ
ಪ್ರೂಫ್ ಬೇಕಾ, ಎರಡು ವೈರು ಪ್ಲಗ್ಗಿಗೆ ಸಿಗ್ಸಿ ಆನ್ ಮಾಡಿ, ತಿರುಗ್ನಿಲ್ಲ ಅಂದ್ರೆ ಹೋಗದೆ.

ಸರಸ್ವತಿಪುರಂ ತಾತ
ಅಯ್ಯಯ್ಯೋ, ಬರೀ ವೈರ್ ಪ್ಲಗ್ಗಿಗೆ ಸಿಗಿಸೋದು ಯಾರೂ ಮಾಡ್ಬೇಡಿ ದಯವಿಟ್ಟು. ಏರಿಯಾದಲ್ಲಿ ಮಿಕ್ಸಿ ಫ್ಯಾನ್ ರಿಪೇರಿ ಅಂಗಡಿ ಇರುತ್ತಲ್ಲ, ಅವರ ಹತ್ರ ಸೀರಿಸ್ ಲ್ಯಾಂಪ್ ಬೋರ್ಡ್ ಇದ್ದೇ ಇರುತ್ತೆ. ಬಲ್ಬ್ ಮೂಲಕ ಮೋಟರ್‌ಗೆ ಕೊಡ್ತಾರೆ. ಮೋಟರ್ ಇಷ್ಟು ಸಣ್ಣದು ಅಂದ್ರೆ ಬಲ್ಬ್ ಉರಿಯಲ್ಲ, ಮೋಟರ್ ಪೂರ್ತಿ ಓಡುತ್ತೆ. ಬಲ್ಬ್ ಜೋರಾಗಿ ಉರೀತು ಅಂದ್ರೆ ಮೋಟರ್ ಶಾರ್ಟು. ಬಲ್ಬೂ ಉರೀದೆ ಗುಂಯ್ ಅಂತ ನಿಂತಲ್ಲೇ ಅದುರ್ತಾ ಇದ್ರೆ ಗೇರ್ ಸಿಕ್ಕಾಕ್ಕೊಂಡಿದೆ. ಟೆಕ್ಕಿಯವ್ರಿಗೆ ಪ್ರೂಫೂ ಆಯ್ತು, ಯಾರಿಗೂ ಶಾಕ್ ಹೊಡೀಲಿಲ್ಲ.

ಕನ್ಸ್ಯೂಮರ್ ಕಣ್ಣು
ಮಧ್ಯ ಬಾಯಿ ಹಾಕ್ತಿದೀನಿ. ಬಿಚ್ಚಿ ನೋಡದೆ 13,800 ಬರ್ಕೊಟ್ಟಿದಾರಲ್ಲ, ಲಿಖಿತ ಎಸ್ಟಿಮೇಟ್ ಇಟ್ಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅಲ್ಲಿ ದೂರು ಬರೆಸ್ಬೋದು. ರಿಪೇರಿ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರದ ಪೋರ್ಟಲ್ಲೂ ಬಂದಿದೆ, ಕಂಪನಿಗಳ ಸರ್ವಿಸ್ ಮಾಹಿತಿ ಒಂದೇ ಕಡೆ ಸಿಗ್ಲಿ ಅಂತ. ಬಿಡಿ ಭಾಗ ಬೇರೆಯಾಗಿ ಸಿಗುತ್ತಾ ಅಂತ ಕಂಪನಿಗೇ ಇಮೇಲ್ ಹಾಕಿ ಕೇಳಿ, ಫೋನ್‌ನಲ್ಲಿ ಬೇಡ.

ಕೊಪ್ಪಲು_ಗೃಹಿಣಿ
ಇದು ಒಳ್ಳೇ ಮಾತು. ಫೋನ್‌ನಲ್ಲಿ ಕೇಳಿದ್ರೆ ಒಂದೊಂದ್ಸಲ ಒಂದೊಂದು ಹೇಳ್ತಾರೆ.

ಗೋಕುಲಂ_ಅಕ್ಕ
ಅಂಗಡೀಲಿ ಸೀರಿಸ್ ಲ್ಯಾಂಪ್‌ಗೆ ಹಾಕಿ ನೋಡಿದ್ರು. ಬಲ್ಬ್ ಉರೀಲಿಲ್ಲ, ಮೋಟರ್ ಗುಂಯ್ ಗುಂಯ್ ಅಂತ ಅದುರಿತು ಅಷ್ಟೇ, ಶಾಫ್ಟ್ ತಿರುಗ್ಲಿಲ್ಲ. ತಮ್ಮ ಹೇಗೂ ಹೋಗಿದೆ ಅಂತ ಮುಚ್ಚಳ ಎಬ್ಬಿಸಿ ನೋಡಿದ, ಒಳಗೆ ಗೇರ್ ಕಂಬಿಗಳೆಲ್ಲ ಕೆಂಪಾಗಿ ತುಕ್ಕು, ಗ್ರೀಸ್ ಮೊಸರು ಥರ ಆಗಿದೆ. ಸ್ವಿಚ್ ಮಾತ್ರ ಕ್ಲಿಕ್ ಕ್ಲಿಕ್ ಸರಿಯಾಗಿದೆ, ಮೀಟರ್‌ನಲ್ಲೂ ಸರಿ ತೋರಿಸ್ತು.

ಕಂಪನಿಗೆ ಇಮೇಲ್ ಹಾಕಿದೆ, ಮೋಟರ್ ಮೇಲಿನ ಸ್ಟಿಕ್ಕರ್ ಫೋಟೊ ಸಮೇತ. ಮೋಟರ್ ಬೇರೆಯಾಗೇ ಸಿಗುತ್ತೆ, ಸೀಲ್ ಕೂಡ ಸಿಗುತ್ತೆ ಅಂತ ಉತ್ತರ ಬಂತು! ಎರಡೂ ಸೇರಿ ಎರಡು ಸಾವಿರದ ಒಳಗೆ.

ಕನ್ಸ್ಯೂಮರ್ ಕಣ್ಣು
ಆ ಇಮೇಲ್ ಡಿಲೀಟ್ ಮಾಡ್ಬೇಡಿ.

ವಿಜಯನಗರ ಟೆಕ್ಕಿ
ಸರಿ ಸರಿ, ಬೋರ್ಡ್ ಅಲ್ಲ. ಆದ್ರೂ ವೋಲ್ಟೇಜ್ ಏರಿಳಿತಕ್ಕೆ ಒಂದು ಸ್ಟೆಬಿಲೈಸರ್ ಹಾಕ್ಕೊಳ್ಳಿ, ನಮ್ಮ ಏರಿಯಾದಲ್ಲಿ ರಾತ್ರಿ ಹೊತ್ತು ಏನೇನೋ ಆಗುತ್ತೆ.

ಗೋಕುಲಂ_ಅಕ್ಕ
ಪಾರ್ಟ್ ಬಂತು, ಸೀಲ್ ಹಾಕಿ ಮೋಟರ್ ಕೂರಿಸಿ ಮೆಷಿನ್ ನಿಲ್ಲಿಸಿದ್ವಿ. ಆನ್ ಮಾಡಿದ್ರೆ ಈಗ ಹೊಸ ತಲೆನೋವು, ನೀರೇ ತಗೊಳ್ತಿಲ್ಲ, ಡ್ರೈನ್ ಪಂಪ್ ಮಾತ್ರ ಗರ್ರ್ ಅಂತ ಓಡ್ತಾನೇ ಇದೆ, ನಿಲ್ತಿಲ್ಲ. ಲೀಕ್ ಅಂತ ಕೋಡ್. ಹೊಸ ಸೀಲ್ ಆಗ್ಲೇ ಸೋರ್ತಿದೆಯಾ??

ಹಳೇ_ರಿಪೇರಿ
ಗಾಬರಿ ಬೇಡ. ಮೆಷಿನ್ ಮಲಗಿಸಿದಾಗ ಉಪ್ಪಿನ ಡಬ್ಬಿ, ಸಂಪ್ ಒಳಗಿದ್ದ ನೀರು ಕೆಳಗಿನ ತಟ್ಟೆಗೆ ಇಳಿದಿದೆ. ಅಲ್ಲಿ ಥರ್ಮೋಕೋಲ್ ತುಂಡಿನಂಥ ಒಂದು ಫ್ಲೋಟ್ ಇರುತ್ತೆ, ನೀರು ಬಂದ್ರೆ ಅದು ತೇಲಿ ಸ್ವಿಚ್ ಒತ್ತುತ್ತೆ, ಮನೆ ಮುಳುಗದೆ ಇರ್ಲಿ ಅಂತ ಮೆಷಿನ್ ನೀರು ನಿಲ್ಲಿಸಿ ಪಂಪ್ ಮಾಡ್ತಾನೇ ಇರುತ್ತೆ. ಬಾಷ್‌ನಲ್ಲಿ ಇ15 ಅಂತ ಬರೋದು ಇದೇ. ಪ್ಲಗ್ ತೆಗೆದು ಕೆಳಗಿನ ತಗಡು ಬಿಚ್ಚಿ ಹಳೇ ಕಾಟನ್ ಪಂಚೆ ಹಾಕಿ ನೀರು ಹೀರಿಸಿ ತೆಗೀರಿ. ಪೂರ್ತಿ ಒಣಗಿದ ಮೇಲೆ ಕೆಳಗೆ ಒಂದು ಒಣ ನ್ಯೂಸ್‌ಪೇಪರ್ ಹಾಸಿ ಪಾತ್ರೆ ಇಲ್ದೆ ಬಿಸಿನೀರಿನ ಸೈಕಲ್ ಓಡಿಸಿ. ಪೇಪರ್ ಒಣಗಿದ್ರೆ ಸೀಲ್ ಸರಿಯಾಗಿ ಕೂತಿದೆ. ಬಿಸಿನೀರಲ್ಲೇ ಮಾಡಿ, ತಣ್ಣೀರಲ್ಲಿ ಸೋರದೆ ಇರೋ ಸೀಲ್ ಬಿಸಿಗೆ ಸೋರೋದುಂಟು.

ಜೆಪಿನಗರ ಅತ್ತೆ
ಪಂಚೆ ಯಾರದ್ದು ಬಲಿ ಆಯ್ತು?

ಗೋಕುಲಂ_ಅಕ್ಕ
ಯಜಮಾನರದ್ದು ಅತ್ತೆ, ಅವ್ರು ಆಫೀಸ್‌ಗೆ ಹೋಗಿದ್ರು 🤫
ಅದೇ ಆಗಿತ್ತು ಸಾರ್, ತಟ್ಟೇಲಿ ಸುಮಾರು ನೀರು ನಿಂತಿತ್ತು. ಒರೆಸಿದ ಮೇಲೆ ಕೋಡ್ ಹೋಯ್ತು. 65 ಡಿಗ್ರಿ ಇಂಟೆನ್ಸಿವ್ ಓಡಿಸಿದೆ, ಪೇಪರ್ ಒಣಗಿದೆ, ಎರಡು ಲೋಟದಲ್ಲೂ ನೀರು ತುಂಬಿದೆ, ಮೇಲಿನ ಫ್ಯಾನ್ ತಿರುಗಿ ಬೇರೆ ಕಡೆ ನಿಂತಿದೆ. ಗುಂಯ್ ಸದ್ದಿಲ್ಲ, ದಾರಿ ಬದಲಾದಾಗ ನೀರಿನ ಶಬ್ದ ಬದಲಾಗೋದು ಕೇಳ್ಸುತ್ತೆ. ಎಲ್ರಿಗೂ ತುಂಬಾ ಥ್ಯಾಂಕ್ಸ್, ತಾತಂಗೆ ಸ್ಪೆಷಲ್ಲು.

ಸರಸ್ವತಿಪುರಂ ತಾತ
ಸಂತೋಷ ಅಮ್ಮ. ತಮ್ಮನಿಗೆ ಹೇಳಿ, 20ಕೆ.

ಮಂಡ್ಯ ಹೈದ
ಅಕ್ಕ ಆ ಹಳೇ ಮೋಟರ್ ಬಿಸಾಕ್ಬೇಡಿ, ಸ್ವಿಚ್ಚು ಚೆನ್ನಾಗದೆ ಅಂದ್ರಲ್ಲ, ನಿಮ್ ತಮ್ಮನ ಕೈಲಿ ಕಳ್ಸಿ. ಭಾವನ ಮೆಷಿನ್ನು ವಸಿ ನೋಡ್ಬೇಕು, ತಂಗಿ ಫೋನ್ ಮಾಡಿದ್ಲು, ಲೋಟ ತೊಳೀತಿಲ್ವಂತೆ.

ಹಳೇ_ರಿಪೇರಿ
😂😂 ಕೂಲರ್ ಮೋಟರ್ ಕಿತ್ತು ಕೂಲರ್‌ಗೆ ಹಾಕಪ್ಪ ಮೊದ್ಲು.

ರಾಮಕೃಷ್ಣನಗರ_2ನೇಮಹಡಿ
ನಮ್ಮದ್ರಲ್ಲಿ ಉಲ್ಟಾ, ಮೇಲೆ ಚೆನ್ನಾಗಿ ತೊಳೆಯುತ್ತೆ, ಕೆಳಗೆ ಏನೂ ಇಲ್ಲ. ಇದಕ್ಕೂ ಇದೇನಾ?

ಹಳೇ_ರಿಪೇರಿ
ಇರ್ಬೋದು, ಡಿಸ್ಕ್ ಇನ್ನೊಂದು ಕಡೆ ನಿಂತಿರ್ಬೋದು. ಆದ್ರೆ ಕೆಳಗಿನ ಫ್ಯಾನ್‌ಗೆ ಚಮಚದ ಹಿಡಿಯೋ ಕುಕ್ಕರ್ ಕಿವಿಯೋ ತಾಗಿ ನಿಲ್ಲೋದು ಅದಕ್ಕಿಂತ ಜಾಸ್ತಿ. ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ, ಆಮೇಲೆ ಲೋಟ ಇಡಿ. ಮಾಡೆಲ್ ಸ್ಟಿಕ್ಕರ್ ಫೋಟೊ ಹಾಕಿ, ಬಾಗಿಲಿನ ಒಳ ಅಂಚಲ್ಲಿ ಇರುತ್ತೆ.